641 ಅಡಗಿದ್ದ ಸಂಖ್ಯೆ

ಮಾನ್ಯ ಸಂಪಾದಕರೇ,

ಮೂರು, ಏಳು, ಹನ್ನೊಂದರಿಂದ ಭಾಗವಾಗದ ದೊಡ್ಡ ಸಂಖ್ಯೆ ಕಂಡರೆ ಅದು ಅವಿಭಾಜ್ಯವೇ ಇರಬೇಕು ಎಂದು ಹಲವರು ಅಂದುಕೊಳ್ಳುತ್ತಾರೆ. ಮಹಾ ಗಣಿತಜ್ಞ ಫರ್ಮಾ ಕೂಡ ಎಡವಿದ್ದು ಇಂಥದೇ ಜಾಗದಲ್ಲಿ. ಎರಡರ 1, 2, 4, 8, 16ನೇ ಘಾತಗಳಿಗೆ ಒಂದು ಕೂಡಿಸಿದರೆ ಬರುವ 3, 5, 17, 257, 65537 ಅವಿಭಾಜ್ಯಗಳಾದ್ದರಿಂದ ಅದೇ ಸಾಲಿನ ಮುಂದಿನ 4,29,49,67,297 (ಎರಡರ 32ನೇ ಘಾತಕ್ಕೆ ಒಂದು ಕೂಡಿಸಿದ್ದು) ಕೂಡ ಹಾಗೆಯೇ ಎಂದು ಅವರು ನಂಬಿದ್ದರು.

ಅದರ ವರ್ಗಮೂಲ ಸುಮಾರು 65,536. ಅಲ್ಲಿಯವರೆಗಿನ 6,542 ಅವಿಭಾಜ್ಯಗಳಿಂದ ಭಾಗಿಸುತ್ತ ಕೂತರೆ ದಿನಗಳೇ ಬೇಕು. ಮುಂದೆ ಗಣಿತಜ್ಞ ಆಯ್ಲರ್ ಹಿಡಿದ ದಾರಿ ಎಷ್ಟು ಸೊಗಸು ನೋಡಿ: ಇದಕ್ಕೆ ಅವಿಭಾಜ್ಯ ಅಪವರ್ತನವಿದ್ದರೆ ಅದು 64ರ ಗುಣಕಕ್ಕಿಂತ ಒಂದು ಹೆಚ್ಚಿರಲೇಬೇಕು. 65, 129, 321, 385, 513 ಅವಿಭಾಜ್ಯಗಳಲ್ಲ, ಬಿಟ್ಟುಬಿಡಿ. ಉಳಿದದ್ದು 193, 257, 449, 577, 641. ಐದನೆಯ ಭಾಗಾಕಾರಕ್ಕೆ ಶೇಷ ಸೊನ್ನೆ! ಅವರು 1732ರಲ್ಲಿ ತೋರಿಸಿದಂತೆ, 641ನ್ನು 67,00,417ರಿಂದ ಗುಣಿಸಿದರೆ ಅದೇ ಸಂಖ್ಯೆ.

ಭಾಗಿಸದೆಯೂ ಕಾಣಬಹುದು. 641 ಎಂದರೆ 5×128+1. 625+16 ಕೂಡ ಹೌದು. 641ರಿಂದ ಭಾಗಿಸಿದಾಗ 5×128ಕ್ಕೆ ಶೇಷ −1 (641ಕ್ಕೆ ಒಂದು ಕಡಿಮೆ ಎಂದರ್ಥ), ಅದರ ನಾಲ್ಕನೇ ಘಾತಕ್ಕೆ 1. ಆ ಘಾತದೊಳಗೆ ಐದರ ನಾಲ್ಕನೇ ಘಾತವಾಗಿರುವ 625ರ ಬದಲು −16 ಇಟ್ಟರೆ, ಎರಡರ 32ನೇ ಘಾತದ ಶೇಷ −1. ಒಂದು ಕೂಡಿಸಿದರೆ ಸೊನ್ನೆ.

ಕಂಪ್ಯೂಟರಿನಲ್ಲಿ ಪರೀಕ್ಷಿಸುವವರು ಎಚ್ಚರ ವಹಿಸಬೇಕು. 32 ಬಿಟ್‌ನ ಚಿಹ್ನೆರಹಿತ (ಋಣ ಸಂಖ್ಯೆಗಳಿಲ್ಲದ) ಪೂರ್ಣಾಂಕ ಹಿಡಿಯುವುದು 4,29,49,67,295ರವರೆಗೆ ಮಾತ್ರ. ನಮ್ಮ ಸಂಖ್ಯೆ ಅದರಲ್ಲಿ ಸುತ್ತಿ ಬಂದು ಬರೀ 1 ಆಗಿ ಉಳಿಯುತ್ತದೆ. 64 ಬಿಟ್ ಬಳಸಿ.

ಪತ್ರಿಕೆಯ ಗಣಿತ ಬರಹಗಳಲ್ಲಿ ದೊಡ್ಡ ಸಂಖ್ಯೆ ಬಂದಾಗ ಅದರ ಅಪವರ್ತನಗಳನ್ನೂ ಅಚ್ಚು ಹಾಕಿ ಎಂದು ಕೋರುತ್ತೇನೆ.

— ಒಬ್ಬ ಓದುಗ