ನಮ್ಮ ಮೇಲೆ ಬರೆದದ್ದನ್ನು ನಮಗೂ ಓದಲು ಕೊಡಿ

ಮಾನ್ಯ ಸಂಪಾದಕರೇ,

ಶಿಕ್ಷಣ, ಅಸ್ಮಿತೆ, ಸಾಮಾಜಿಕ ಒಳಗೊಳ್ಳುವಿಕೆ ಕುರಿತ ವಿಶ್ವವಿದ್ಯಾಲಯದ ವಿಚಾರ ಸಂಕಿರಣದ ಸುದ್ದಿಯನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ನಾನು ಬಸವನ ಬಾಗೇವಾಡಿ ತಾಲ್ಲೂಕಿನ ಲಂಬಾಣಿ ತಾಂಡಾದ ಶಾಲೆಯೊಂದರಲ್ಲಿ 19 ವರ್ಷ ಕಲಿಸಿ ನಿವೃತ್ತನಾದವನು. ಹುಟ್ಟಿದ್ದೂ ಅದೇ ತಾಂಡಾದಲ್ಲಿ. ಮನೆಯಲ್ಲಿ ಸೋಮ್ಲಾ, ಶಾಲೆಯ ರಿಜಿಸ್ಟರಿನಲ್ಲಿ ಸೋಮಶೇಖರ. ಹೆಸರು ಬದಲಾಯಿಸಿದ ಮಾಸ್ತರರು ನಮ್ಮಪ್ಪನನ್ನು ಕೇಳಿರಲಿಲ್ಲ. ಅಸ್ಮಿತೆ ಅಂದರೆ ನನಗೆ ಮೊದಲು ನೆನಪಾಗುವುದು ಅದೇ.

ಕೆಲವು ವರ್ಷದ ಹಿಂದೆ ಸಂಶೋಧನೆಗೆಂದು ಒಬ್ಬ ಹುಡುಗಿ ನಮ್ಮ ತಾಂಡಾಕ್ಕೆ ಬಂದಿದ್ದಳು. ಕೈಯಲ್ಲಿ 14 ಪುಟದ ಪ್ರಶ್ನಾವಳಿ, ಎಲ್ಲ ಇಂಗ್ಲಿಷಿನಲ್ಲಿ. ಅವಳು ಅದನ್ನು ಕನ್ನಡ ಮಾಡಿ ಹೇಳಬೇಕು, ನಾನು ನಮ್ಮ ಗೋರ್ ಬೋಲಿಗೆ, ಅಂದರೆ ಲಂಬಾಣಿ ಭಾಷೆಗೆ, ತರಬೇಕು. ಪ್ರತಿ ಪ್ರಶ್ನೆಗೂ ಐದು ಚೌಕ. ಒಬ್ಬ ಅಜ್ಜಿಗೆ ಕೇಳಿದೆವು: 'ಊರಿನವರು ನಿಮ್ಮನ್ನು ಸಮಾನವಾಗಿ ಕಾಣುತ್ತಾರಾ?' ಅಜ್ಜಿ ಹುಡುಗಿಯ ಮುಖ ನೋಡಿ, 'ನೀ ನಮ್ಮ ಮನೆಯಲ್ಲಿ ಬಾಟಿ ತಿಂತೀಯಾ?' ಅಂದಳು. ಬಾಟಿ ಅಂದರೆ ನಮ್ಮಲ್ಲಿ ರೊಟ್ಟಿ. ಹುಡುಗಿ ಒಳ್ಳೆಯವಳು, ಕೂತು ಎರಡು ತಿಂದಳು. ಚಟ್ನಿಯ ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಆದರೆ ಅಜ್ಜಿಯ ಮಾತಿಗೆ ಐದರಲ್ಲಿ ಯಾವ ಚೌಕವೂ ಹೊಂದಲಿಲ್ಲ. ಕೊನೆಗೆ ನಡುವಿನ 'ಹೇಳಲಾಗದು' ಅನ್ನುವುದಕ್ಕೆ ಟಿಕ್ ಹಾಕಿಕೊಂಡು ಹೋದಳು.

ಆಮೇಲೆ ಪತ್ತೆಯಿಲ್ಲ. ಹೋದ ವರ್ಷ ನಮ್ಮ ಅಣ್ಣನ ಮಗಳು ಮೊಬೈಲಿನಲ್ಲಿ ಶೋಧಗಂಗಾ ಅನ್ನುವ, ಪಿಎಚ್‌ಡಿ ಪ್ರಬಂಧಗಳನ್ನು ಇಡುವ ಜಾಲತಾಣ ತೆಗೆದು ಆ ಹುಡುಗಿಯ ಪ್ರಬಂಧ ಹುಡುಕಿದಳು. ಸುಮಾರು 280 ಪುಟ, ಅದೂ ಇಂಗ್ಲಿಷು. ನಮ್ಮ ತಾಂಡಾದ ಹೆಸರು 'ವಿಲೇಜ್ ಬಿ'. ಗುರುತು ಬಿಟ್ಟುಕೊಡಬಾರದು ಅನ್ನುವ ನಿಯಮ ನನಗೂ ಗೊತ್ತು, ಅದಕ್ಕೆ ತಕರಾರಿಲ್ಲ. ಅಣ್ಣನ ಮಗಳು ಓದಿ ಹೇಳುತ್ತಾ ಹೋದಳು. 'ವಿಲೇಜ್ ಬಿ'ಯಲ್ಲಿ ಹಾಜರಾತಿ ತೃಪ್ತಿಕರ ಅಂತ ಬಂತು. ನಾನು ನಕ್ಕೆ.

ಹುಡುಗಿ ಬಂದದ್ದು ಜುಲೈನಲ್ಲಿ. ಜುಲೈನಲ್ಲಿ ನಮ್ಮ ಶಾಲೆ ತುಂಬಿರುತ್ತದೆ. ದೀಪಾವಳಿಯಲ್ಲಿ ಹುಡುಗಿಯರು ಮನೆಮನೆಗೆ ದೀಪ ಹಿಡಿದು 'ಮೇರಾ' ಹಾಡಿ ಮುಗಿಸಿದರೋ ಇಲ್ಲವೋ, ಲಾರಿ ಬಂದು ನಿಲ್ಲುತ್ತದೆ. ಕಬ್ಬು ಕಡಿಯಲು ಸಾಂಗಲಿ, ಕೊಲ್ಹಾಪುರ ಕಡೆ. ಕಟ್ಟಡದ ಕೆಲಸಕ್ಕೆ ಗೋವಾ. ಮಕ್ಕಳೂ ಹೋಗುತ್ತಾರೆ, ಮತ್ತೆ ಬರುವುದು ಹೋಳಿಗೆ. ಒಂದು ವರ್ಷ ನಾಲ್ಕನೇ ತರಗತಿಯಲ್ಲಿ 22 ಮಕ್ಕಳಿದ್ದವರು ಡಿಸೆಂಬರಿಗೆ ಏಳಾಗಿದ್ದರು. ಅವರನ್ನು 'ಶಾಲೆ ಬಿಟ್ಟವರು' ಅಂತ ಬರೆಯಬೇಕಾ? ಅವರು ಬಿಟ್ಟಿಲ್ಲ, ಕಬ್ಬಿನ ಗದ್ದೆಯಲ್ಲಿದ್ದಾರೆ. ಪ್ರಶ್ನಾವಳಿಯಲ್ಲಿ ಅದಕ್ಕೂ ಚೌಕವಿರಲಿಲ್ಲ.

ಇನ್ನು ಭಾಷೆ. ಒಂದನೇ ತರಗತಿಯ ನಲಿ-ಕಲಿ ಕಾರ್ಡಿನಲ್ಲಿ ತಾಯಿಯ ಚಿತ್ರ. ಮಗು 'ಯಾಡಿ' ಅನ್ನುತ್ತದೆ. ಹೊರಗಿನಿಂದ ಬಂದ ಟೀಚರಿಗೆ ಅದು ಅರ್ಥವಾಗುವುದಿಲ್ಲ, 'ತಪ್ಪು, ಅಮ್ಮ ಅನ್ನು' ಅಂತ ತಿದ್ದುತ್ತಾರೆ. ನಾನೂ ಲಂಬಾಣಿಯೇ, ಆದರೂ ಇನ್‌ಸ್ಪೆಕ್ಷನ್ ದಿನ ಹಾಗೇ ತಿದ್ದಿದ್ದೇನೆ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕು ಅಂತ ಸಂವಿಧಾನದ 350ಎ ವಿಧಿ 1956ರಿಂದಲೇ ಹೇಳುತ್ತಿದೆ. 2011ರ ಜನಗಣತಿಯಲ್ಲಿ ಲಂಬಾಣಿ ಮಾತಾಡುವವರು 32 ಲಕ್ಷಕ್ಕೂ ಜಾಸ್ತಿ. ಆದರೆ ಅಷ್ಟೂ ಜನರನ್ನು ಹಿಂದಿಯ ಲೆಕ್ಕಕ್ಕೆ ಸೇರಿಸಿದ್ದಾರೆ! ನಮ್ಮ ಒಂದನೇ ತರಗತಿ ಮಕ್ಕಳಿಗೆ ಹಿಂದಿಯಲ್ಲಿ ಪಾಠ ಮಾಡಿ ನೋಡಿ, ಗೊತ್ತಾಗುತ್ತದೆ.

ಜಾತಿಯ ಕಾಲಂ ಕೂಡ ಹೀಗೇ. ಕರ್ನಾಟಕದಲ್ಲಿ ನಾವು ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ನನ್ನ ತಂಗಿಯನ್ನು ಸೊಲ್ಲಾಪುರಕ್ಕೆ ಕೊಟ್ಟಿದೆ. ಅವಳ ಮಕ್ಕಳಿಗೂ ನನ್ನ ಮಕ್ಕಳಿಗೂ ಅಜ್ಜಿ ಒಬ್ಬಳೇ, ಸರ್ಟಿಫಿಕೇಟು ಬೇರೆ ಬೇರೆ. ಸಂಶೋಧನೆಗೆ ವಿಷಯ ಸಿಗುತ್ತಿಲ್ಲ ಅನ್ನುವವರು ಇದನ್ನು ಯಾಕೆ ಹಿಡಿಯಬಾರದು?

ನಾನು ಸಂಶೋಧನೆ ಬೇಡ ಅನ್ನುತ್ತಿಲ್ಲ. ಆ ಹುಡುಗಿಗೆ ಡಾಕ್ಟರೇಟ್ ಸಿಕ್ಕಿದ್ದು ತಿಳಿದು ಖುಷಿಯೇ ಆಯಿತು. ನನ್ನ ತಕರಾರು ಇರುವುದು ಅವಳನ್ನು ಕಳಿಸಿದವರ ಮೇಲೆ. ಮೂರು ದಿನ ಕೊಟ್ಟು, ಇಂಗ್ಲಿಷ್ ಪ್ರಶ್ನಾವಳಿ ಕೊಟ್ಟು ಕಳಿಸಿದರೆ ಅವಳಾದರೂ ಏನು ಮಾಡಬೇಕು? ವಿಶ್ವವಿದ್ಯಾಲಯದ ವಿಭಾಗದವರು ಒಂದು ನಿಯಮ ಮಾಡಿಕೊಳ್ಳಲಿ. ಯಾವ ಊರಿನಲ್ಲಿ ಮಾಹಿತಿ ತೆಗೆದುಕೊಂಡರೋ ಆ ಊರಿನ ಶಾಲೆಗೆ ನಾಲ್ಕು ಪುಟದ ಕನ್ನಡ ಸಾರಾಂಶ ಕಳಿಸಿದ ಮೇಲೆಯೇ ಪ್ರಬಂಧ ಒಪ್ಪಿಸಬೇಕು. ಶಾಲಾಭಿವೃದ್ಧಿ ಸಮಿತಿ ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದುತ್ತೇವೆ. ತಪ್ಪಿದ್ದರೆ ಅಲ್ಲೇ ಯಾರಾದರೂ ಹೇಳುತ್ತಾರೆ. ನಮ್ಮಲ್ಲಿ ಸುಮ್ನೆ ಕೂರುವವರು ಕಡಿಮೆ.

ಇನ್ನೊಂದು ಮಾತು. ಮುಂದಿನ ಸಲ ಬರುವವರು ದಯವಿಟ್ಟು ದೀಪಾವಳಿ ಕಳೆದು ಹದಿನೈದು ದಿನಕ್ಕೆ ಬನ್ನಿ. ಶಾಲೆಯಲ್ಲಿ ಮಕ್ಕಳು ಕಡಿಮೆ ಇರುತ್ತಾರೆ, ಟೀಚರಿಗೆ ಮಾತಾಡಲು ಪುರುಸೊತ್ತೂ ಇರುತ್ತದೆ. ಅಜ್ಜಿ ಲಾರಿ ಹತ್ತುವುದಿಲ್ಲ, ತಾಂಡಾದಲ್ಲೇ ಇರುತ್ತಾಳೆ. ಬಾಟಿ ತಿಂತೀಯಾ ಅಂತ ನಿಮ್ಮನ್ನೂ ಕೇಳುತ್ತಾಳೆ.

– ನಿವೃತ್ತ ಮುಖ್ಯ ಶಿಕ್ಷಕ, ಬಸವನ ಬಾಗೇವಾಡಿ ತಾಲ್ಲೂಕು, ವಿಜಯಪುರ ಜಿಲ್ಲೆ