ಯೂನಿಯನ್ ಕಾರ್ಡಿಗೆ ಸಹಿ ಹಾಕೋ ಮೊದಲು

ಚಿ. ವೀಣಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿಮ್ಮ ಯೂನಿವರ್ಸಿಟಿಯಲ್ಲಿ ಪಾಠ ಮಾಡುವ ವಿದ್ಯಾರ್ಥಿಗಳು ಯೂನಿಯನ್ ಕಟ್ಟುತ್ತಿದ್ದಾರೆ, 'ಹೊರಗಿನಿಂದ ಬಂದ ನಮಗ್ಯಾಕೆ ಈ ಉಸಾಬರಿ' ಅಂತ ಬರೆದಿದ್ದೀಯ. ಸೇರು, ಬಿಡು ಅಂತ ನಾನು ಹೇಳಲ್ಲ. ಆದರೆ ಆ ಕಾರಣಕ್ಕೆ ಮಾತ್ರ ದೂರ ನಿಲ್ಲಬೇಡ.

ನೀನಿರುವ ಬಾಸ್ಟನ್ನಿನಿಂದ ಲಾರೆನ್ಸ್ ಊರು ದೂರವಿಲ್ಲ. ಅಲ್ಲಿನ ಬಟ್ಟೆ ಮಿಲ್ಲುಗಳಲ್ಲಿ ಇದ್ದವರೆಲ್ಲ ಹೆಚ್ಚುಕಡಿಮೆ ಹೊರಗಿನವರೇ. ಇಟಲಿ, ಪೋಲೆಂಡ್, ಲಿಥುವೇನಿಯಾ, ಸಿರಿಯಾ ಕಡೆಯವರು. 1912ರ ಜನವರಿಯಿಂದ ಹೆಂಗಸರು, ಮಕ್ಕಳ ದುಡಿಮೆಯನ್ನು ಕಾನೂನು ವಾರಕ್ಕೆ 56ರಿಂದ 54 ಗಂಟೆಗೆ ಇಳಿಸಿತು. ಮಾಲೀಕರು ಆ ಎರಡು ಗಂಟೆಯ ಕೂಲಿಯನ್ನೂ ಮುರಿದುಕೊಂಡರು. ಸುಮಾರು 32 ಸೆಂಟ್. ಅಷ್ಟರಲ್ಲಿ ಮನೆಗೆ ಕೆಲವು ದಿನದ ಬ್ರೆಡ್ ಬರುತ್ತಿತ್ತು. ಜನವರಿ 11ರಂದು ಎವರೆಟ್ ಮಿಲ್ಲಿನ ಪೋಲಿಷ್ ಹೆಂಗಸರು ಸಂಬಳದ ಲಕೋಟೆ ನೋಡಿ ಮಗ್ಗ ನಿಲ್ಲಿಸಿ ಹೊರಗೆ ನಡೆದರು. ಕೆಲವೇ ದಿನದಲ್ಲಿ ಬೀದಿಗಿಳಿದವರು 20,000 ದಾಟಿದರು.

ಇಂಥವರನ್ನು ಒಗ್ಗೂಡಿಸೋದು ಆಗದ ಮಾತು ಅಂತ ಹಳೆಯ ಯೂನಿಯನ್ನುಗಳು ಕೈಬಿಟ್ಟಿದ್ದವು. 1886ರಲ್ಲಿ ಹುಟ್ಟಿದ ಎ.ಎಫ್.ಎಲ್. (ಅಮೆರಿಕನ್ ಫೆಡರೇಷನ್ ಆಫ್ ಲೇಬರ್) ಅನ್ನೋ ಕಾರ್ಮಿಕ ಒಕ್ಕೂಟಕ್ಕೆ ಕಸುಬು ಬಲ್ಲವರ ಮೇಲೇ ಜಾಸ್ತಿ ಗಮನ. ಆದರೆ ಕಸುಬು ಬಲ್ಲವರು, ಬಾರದವರು ಅನ್ನದೆ ಎಲ್ಲ ಕೂಲಿಗಳನ್ನೂ ಸೇರಿಸಿಕೊಳ್ಳುತ್ತಿದ್ದ ಐ.ಡಬ್ಲ್ಯು.ಡಬ್ಲ್ಯು. (ಇಂಡಸ್ಟ್ರಿಯಲ್ ವರ್ಕರ್ಸ್ ಆಫ್ ದಿ ವರ್ಲ್ಡ್) ಸಂಘದವರು ಮಾಡಿದ್ದು ಸರಳ ಕೆಲಸ: ಒಂದೊಂದು ಭಾಷೆಯವರಿಂದಲೂ ಸಮಿತಿಗೆ ಆಳು ತೆಗೆದುಕೊಂಡರು, ಸಭೆಯ ಮಾತನ್ನು ಎಲ್ಲರ ಭಾಷೆಗೂ ಹೇಳಿಸಿದರು. ನನಗೆ ಇಡೀ ಮುಷ್ಕರದಲ್ಲಿ ದೊಡ್ಡದಾಗಿ ಕಾಣುವುದು ಇದೇ.

ಕಮೆಲ್ಲಾ ಟಿಯೋಲಿ ಅನ್ನೋ ಹುಡುಗಿಯ ಕೂದಲು ಮಿಲ್ಲಿನ ಯಂತ್ರಕ್ಕೆ ಸಿಕ್ಕಿ ತಲೆಯ ಚರ್ಮವೇ ಕಿತ್ತುಬಂದಿತ್ತು. ತಿಂಗಳುಗಟ್ಟಲೆ ಆಸ್ಪತ್ರೆ. ಆ ಮಗು ವಾಷಿಂಗ್ಟನ್ನಿಗೆ ಹೋಗಿ ಕಾಂಗ್ರೆಸ್ಸಿನ, ಅಂದರೆ ಅಮೆರಿಕದ ಸಂಸತ್ತಿನ, ಸಮಿತಿ ಮುಂದೆ ಅದನ್ನು ಹೇಳಿತು. ದೇಶ ಬೆಚ್ಚಿತು. ಮಾರ್ಚ್ ಹೊತ್ತಿಗೆ ಮಾಲೀಕರು ಮಣಿದರು. ಕಡಿಮೆ ಕೂಲಿಯವರಿಗೇ ಹೆಚ್ಚಿನ ಪ್ರಮಾಣದಲ್ಲಿ ಏರಿಕೆ ಸಿಕ್ಕಿತು.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಗೆದ್ದ ಮೇಲೆ ಒಂದೆರಡು ವರ್ಷದಲ್ಲೇ ಲಾರೆನ್ಸಿನ ಸಂಘ ಸೊರಗಿತು. ದಿನದಿನದ ಕೆಲಸ ಮಾಡೋಕೆ ಜನ ಉಳಿಯಲಿಲ್ಲ. ಅದಕ್ಕೇ ಹೇಳೋದು, ಸುಮ್ನೆ ಕಾರ್ಡಿಗೆ ಸಹಿ ಹಾಕಿ ಬಂದುಬಿಡಬೇಡ. ಮೊದಲು ಎರಡು ಮೂರು ಸಭೆಗೆ ಹೋಗು. ಚಂದಾ ಎಷ್ಟು, ಲೆಕ್ಕ ಯಾರಿಗೆ ಒಪ್ಪಿಸ್ತಾರೆ, ಕೇಳು. ನಿನ್ನ ವೀಸಾದ ವಿಷಯವನ್ನು ವಕೀಲರ ಹತ್ತಿರವೇ ವಿಚಾರಿಸು. ನಿನ್ನ ಲ್ಯಾಬಿನಲ್ಲಿ ಇಂಗ್ಲಿಷ್ ಮಾತಾಡೋಕೆ ಹಿಂಜರಿಯುವ ಆ ಚೀನೀ ಹುಡುಗಿಯನ್ನೂ ಜೊತೆಗೆ ಕರೆದುಕೊಂಡು ಹೋಗು, ಆಯ್ತಾ?

ಇತಿ,
ನಿನ್ನ ದೊಡ್ಡಪ್ಪ