ಸೀಟಿ ಎಣಿಸುವ ಅಮ್ಮನಿಗೆ

ಗದಗ

ಚಿ. ಸೌ. ಮಗಳಿಗೆ ನಿನ್ನ ದೊಡ್ಡವ್ವ ಮಾಡುವ ಆಶೀರ್ವಾದಗಳು. ಇತ್ತ ನಾವೆಲ್ಲ ಕ್ಷೇಮ. ಅಳಿಯಂದಿರು, ಬೀಗತಿಯವರು, ಮಕ್ಕಳು ಆರೋಗ್ಯವಾಗಿದ್ದಾರೆಂದು ನಂಬಿದ್ದೇನೆ.

ನಿನ್ನೆ ಫೋನಿನಲ್ಲಿ ದೊಡ್ಡವನ ಪ್ರಬಂಧದ ವಿಷಯ ಹೇಳುವಾಗ ನಿನ್ನ ಗಂಟಲು ಕಟ್ಟಿತ್ತು. "ನಮ್ಮ ಮನೆ" ಎಂದು ಟೀಚರ್ ಬರೆಯಲು ಕೊಟ್ಟರೆ ಅವನು ಬರೆದದ್ದು ಇಷ್ಟು: "ನಮ್ಮ ಮನೆಯಲ್ಲಿ ರಾತ್ರಿ ಅಡುಗೆ ಮಾಡುವುದು ಕುಕ್ಕರ್. ಅಮ್ಮ ಸೀಟಿ ಎಣಿಸುತ್ತಾಳೆ. ಅಪ್ಪ ಎಷ್ಟಾಯಿತು ಎಂದು ಕೇಳುತ್ತಾರೆ." ಟೀಚರ್ ನಕ್ಕರೆಂದು ನಿನಗೆ ನಾಚಿಕೆ. ನಾನೂ ನಕ್ಕೆ ಮಗಳೇ, ಫೋನ್ ಇಟ್ಟ ಮೇಲೆ ನಿನ್ನ ದೊಡ್ಡಪ್ಪನಿಗೆ ಹೇಳಿ ಮತ್ತೊಮ್ಮೆ ನಕ್ಕೆ. ಶಾಲೆಯಲ್ಲಿ ಪಾಠ ಮಾಡಿದವಳು ಹೇಳುತ್ತೇನೆ, ಕೇಳು. ಈ ವಿಷಯ ಕೊಟ್ಟರೆ ಮಕ್ಕಳು ಸಾಮಾನ್ಯವಾಗಿ "ನಮ್ಮ ಮನೆಯ ಮುಂದೆ ತುಳಸಿ ಗಿಡವಿದೆ, ಹಿಂದೆ ಹಸುವಿದೆ" ಎಂದು ಬರೆಯುತ್ತಾರೆ, ಮೂರನೆಯ ಮಹಡಿಯಲ್ಲಿರುವವರೂ ಹಾಗೆಯೇ ಬರೆಯುತ್ತಾರೆ. ನಿನ್ನ ಮಗ ಕಣ್ಣಾರೆ ಕಂಡದ್ದನ್ನು ಬರೆದಿದ್ದಾನೆ. ಮೂರು ವಾಕ್ಯದಲ್ಲಿ ಮನೆಯವರನ್ನೆಲ್ಲ ತಂದು ನಿಲ್ಲಿಸಿದ್ದಾನೆ. ಅದರಲ್ಲಿ ನಿನ್ನ ಮೇಲೆ ದೂರು ಒಂದಕ್ಷರವೂ ಇಲ್ಲ. ಇದ್ದರೆ ಅವರಪ್ಪನ ಮೇಲಿದೆ, ಆ ಮಾತಿಗೆ ಆಮೇಲೆ ಬರುತ್ತೇನೆ.

ನನಗೆ ಕೊರೆದದ್ದು ಪ್ರಬಂಧವಲ್ಲ, ಕೊನೆಗೆ ನೀನಾಡಿದ ಮಾತು. "ದೊಡ್ಡವ್ವ, ನಾನು ಮಕ್ಕಳಿಗೆ ಸರಿಯಾದ ಊಟವನ್ನೇ ಹಾಕುತ್ತಿಲ್ಲ" ಎಂದೆಯಲ್ಲ, ಅದಕ್ಕಾಗಿ ಈ ಪತ್ರ.

ಧಾರವಾಡದ ಕಚೇರಿಯಿಂದ ಹೊರಟು, ಚಿಗರಿ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಇಳಿಯುವ ಹೊತ್ತಿಗೆ ನಿನಗೆ ಏಳಾಗುತ್ತದೆ. ಎಂಟೂವರೆಗೆ ಚಿಕ್ಕವಳ ಕಣ್ಣು ಎಳೆಯುತ್ತವೆ. ನಡುವಿನ ಹೊತ್ತಿನಲ್ಲಿ ಹೋಮ್‌ವರ್ಕ್, ಜಗಳ, ಮರುದಿನದ ಯೂನಿಫಾರ್ಮ್. ಉಳಿಯುವುದು ಅರ್ಧ ಗಂಟೆ. ಅರ್ಧ ಗಂಟೆಯ ಅಡುಗೆ ಸೋಮಾರಿಯ ಅಡುಗೆಯೆಂದು ನಿನಗೆ ಯಾರು ಹೇಳಿದರೋ ನಾನರಿಯೆ. ನಮ್ಮ ಸೀಮೆಯ ಅಡುಗೆ ರೂಪುಗೊಂಡದ್ದೇ ದುಡಿದು ದಣಿದು ಬಂದ ಹೆಂಗಸರ ಕೈಯಲ್ಲಿ. ನಿಮ್ಮ ಮುತ್ತಜ್ಜಿ ಎರೆಹೊಲದಲ್ಲಿ ಹತ್ತಿ ಬಿಡಿಸಿ, ಹೊತ್ತು ಮುಳುಗಿದ ಮೇಲೆ ಮನೆಗೆ ಬಂದು ಒಲೆ ಹಚ್ಚುತ್ತಿದ್ದಳು. ಬುಟ್ಟಿಯಲ್ಲಿ ಖಡಕ್ ರೊಟ್ಟಿ ಇರುತ್ತಿತ್ತು. ರೊಟ್ಟಿಯ ತೇವವೆಲ್ಲ ಆರಿದರೆ ಅದು ವಾರಗಟ್ಟಲೆ ಕೆಡುವುದಿಲ್ಲ, ಅಷ್ಟನ್ನು ತಿಳಿದೇ ಅದನ್ನು ಹಂಚಿನ ಮೇಲೆ ಬೇಯಿಸಿ ಮತ್ತೆ ಕಾವಿಗೆ ಒರಗಿಸಿ ಒಣಗಿಸುತ್ತಿದ್ದರು. ಡಬ್ಬಿಯಲ್ಲಿ ಶೇಂಗಾ, ಅಗಸಿ, ಗುರೆಳ್ಳಿನ ಚಟ್ನಿಪುಡಿ, ನಮ್ಮ ಮಾತಿನಲ್ಲಿ ಹಿಂಡಿ. ಗಡಿಗೆಯಲ್ಲಿ ಮೊಸರು. ಒಲೆಯ ಮೇಲೆ ಅಂದಂದಿಗೆ ಬೇಯುತ್ತಿದ್ದದ್ದು ಒಂದೇ ಪದಾರ್ಥ, ಕಾಳಿನದೋ ಸೊಪ್ಪಿನದೋ ಪಲ್ಯ. ಹಸಿ ಮೆಂತ್ಯ, ಹಕ್ಕರಿಕೆ, ಮೂಲಂಗಿಗಳನ್ನು ತೊಳೆದು ಹಾಗೆಯೇ ಕಡಿದುಕೊಳ್ಳುತ್ತಿದ್ದರು. ಈ ಊಟದಲ್ಲಿ ಏನು ಕಡಿಮೆಯಾಯಿತು ಹೇಳು?

ಹೋಳಿಗೆ, ಕಟ್ಟಿನ ಸಾರು, ಎಳ್ಳ ಅಮಾವಾಸ್ಯೆಯಂದು ಹೊಲದಲ್ಲಿ ಭೂತಾಯಿಗೆ ನೈವೇದ್ಯವಾಗಿ ಚರಗ ಚೆಲ್ಲಲು ಕಟ್ಟಿಕೊಂಡು ಹೋಗುವ ಬುತ್ತಿ, ಇವೆಲ್ಲ ಹಬ್ಬದ ಅಡುಗೆಗಳು. ಹತ್ತು ಕೈ ಸೇರಿ ಮಾಡುವಂಥವು. ನೀನು ಮೊಬೈಲಿನಲ್ಲಿ ಯಾರೋ ಜೋಡಿಸಿಟ್ಟ ತಾಟುಗಳನ್ನು ನೋಡಿ, ಹಬ್ಬದ ಅಳತೆಗೋಲಿನಿಂದ ಮಂಗಳವಾರದ ರಾತ್ರಿಯನ್ನು ಅಳೆಯುತ್ತಿದ್ದೀಯ. ಅದನ್ನು ಬಿಡು.

ಕೆಲಸದ ದಿನಗಳಲ್ಲಿ ಒಂದೇ ಒಂದನ್ನು ಬಿಸಿಯಾಗಿ ಮಾಡು. ಝುಣಕವನ್ನೇ ತೆಗೆದುಕೋ. ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಕರಿಬೇವು, ಆಮೇಲೆ ಹೆಚ್ಚಿದ ಉಳ್ಳಾಗಡ್ಡಿ. ಅದು ಬಾಡಿದ ಮೇಲೆ ಅರಿಶಿನ, ಉಪ್ಪು, ಖಾರದ ಪುಡಿ, ಒಂದು ಬಟ್ಟಲು ನೀರು. ನೀರು ಕುದಿಯುವಷ್ಟರಲ್ಲಿ ಒಂದು ಬಟ್ಟಲು ಕಡಲೆ ಹಿಟ್ಟನ್ನು ಇನ್ನೊಂದು ಬಟ್ಟಲು ತಣ್ಣೀರಿನಲ್ಲಿ ಕಲಸಿಟ್ಟುಕೊಂಡಿರಬೇಕು. ಒಣ ಹಿಟ್ಟನ್ನು ಕುದಿಯುವ ನೀರಿಗೆ ಸುರಿದರೆ ಹೊರಮೈ ಬೆಂದು ಒಳಗೆ ಹಸಿ ಉಳಿದು ಗಂಟಾಗುತ್ತದೆ. ಕಲಸಿದ್ದನ್ನು ಸುರಿಯುತ್ತ ಇನ್ನೊಂದು ಕೈಯಿಂದ ತಿರುವುತ್ತಿರು. ದಪ್ಪವಾಗುತ್ತ ಬಂದು ಪುಟಪುಟನೆ ಸಿಡಿಯತೊಡಗಿದಾಗ ಉರಿ ಸಣ್ಣ ಮಾಡಿ ಮುಚ್ಚಳ ಹಾಕು. ಹಸಿ ವಾಸನೆ ಹೋಗಿ ಅಂಚಿನಲ್ಲಿ ಎಣ್ಣೆ ಬಿಟ್ಟರೆ ಆಯಿತು, ಮೇಲೆ ಕೊತ್ತಂಬರಿ. ರೊಟ್ಟಿಯೊಂದಿಗೆ ಇದನ್ನು ಬಡಿಸಿದವಳು ಯಾರ ಮುಂದೆಯೂ ತಲೆ ತಗ್ಗಿಸಬೇಕಿಲ್ಲ.

ಇನ್ನೊಂದು ದಿನ ಹೆಸರುಬೇಳೆ ಖಿಚಡಿ. ತೊಗರಿಬೇಳೆಗಿಂತ ಹೆಸರುಬೇಳೆ ಬೇಗ ಬೇಯುತ್ತದೆ, ನೆನೆಸುವ ಕೆಲಸವಿಲ್ಲ, ಮಕ್ಕಳ ಹೊಟ್ಟೆಗೂ ಹಗುರ. ಮಡಕಿ ಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಸಿದು ಬಟ್ಟೆಯಲ್ಲಿ ಕಟ್ಟಿ ಹೋದರೆ ನೀನು ಬರುವಷ್ಟರಲ್ಲಿ ಮೊಳಕೆ ಇಣುಕಿರುತ್ತದೆ. ಪಲ್ಯ ಇಳಿಸಿದ ಮೇಲೆ ಲಿಂಬೆಹಣ್ಣು ಹಿಂಡುವುದನ್ನು ಮರೆಯಬೇಡ. ಕಾಳಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತಲು ಅದು ನೆರವಾಗುತ್ತದೆ. ವಾರಕ್ಕೊಂದು ರಾತ್ರಿ ಚುರುಮುರಿ ನೆನೆಸಿ ಒಗ್ಗರಣೆ ಹಾಕಿದ ಸುಸಲಾ ಮಾಡಿ ಮೇಲೆ ಮಜ್ಜಿಗೆ ಕುಡಿದು ಮಲಗಿದರೂ ಯಾವ ಅಪಚಾರವೂ ಇಲ್ಲ.

ಖಾರದ ಪುಡಿಯನ್ನು ಬ್ಯಾಡಗಿ ಮೆಣಸಿನಕಾಯಿಯದೇ ಮಾಡಿಸು. ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಪೇಟೆಯದು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ಬಣ್ಣ ಜಾಸ್ತಿ, ಖಾರ ಕಡಿಮೆ. ದೊಡ್ಡವರ ಕಣ್ಣಿಗೆ ಪಲ್ಯ ಕೆಂಪಗೆ ಕಾಣುತ್ತದೆ, ಮಕ್ಕಳ ನಾಲಗೆಯೂ ಉಳಿಯುತ್ತದೆ. ಇದರಿಂದ ಮಕ್ಕಳಿಗೊಂದು ಪಾತ್ರೆ, ದೊಡ್ಡವರಿಗೊಂದು ಪಾತ್ರೆ ಎಂಬ ತಾಪತ್ರಯ ತಪ್ಪುತ್ತದೆ.

ಈ ಎರಡು ಪಾತ್ರೆಯ ವಿಷಯದಲ್ಲಿ ನಾನು ಕಟ್ಟುನಿಟ್ಟು, ಮಗಳೇ. ದೊಡ್ಡವನಿಗೆ ದೋಸೆ, ಚಿಕ್ಕವಳಿಗೆ ಮೊಸರನ್ನ, ಅಳಿಯಂದಿರಿಗೆ ಚಪಾತಿ, ಬೀಗತಿಗೆ ಗಂಜಿ ಎಂದು ನಾಲ್ಕು ಕಡೆ ಓಡುತ್ತಿದ್ದೀಯಲ್ಲ, ನಿನ್ನನ್ನು ದಣಿಸುತ್ತಿರುವುದು ಅಡುಗೆಯಲ್ಲ, ಈ ಓಟ. ವಯಸ್ಸಾದವರ ಗಂಜಿ ಇರಲಿ, ಅದು ಅವರ ಹಲ್ಲಿನ ಅಗತ್ಯ. ಮಿಕ್ಕವರಿಗೆ ಒಂದೇ ಅಡುಗೆ. ಚಿಕ್ಕವಳು ಬದನೆಕಾಯಿ ಬೇಡವೆಂದರೆ ಒತ್ತಾಯಿಸಬೇಡ, ಬದಲಿಗೆ ಬೇರೆ ಮಾಡಿಯೂ ಕೊಡಬೇಡ. ಒಂದು ಚೂರನ್ನು ತಾಟಿನ ಅಂಚಿಗೆ ಹಾಕಿ ಸುಮ್ಮನಿರು. ಹೊಸ ರುಚಿಯನ್ನು ಮಕ್ಕಳು ಎಂಟು ಹತ್ತು ಸಲ ಕಂಡ ಮೇಲೆ ಒಪ್ಪಿಕೊಳ್ಳುವುದುಂಟು.

ಅವಳು ದೀಪಾವಳಿಗೆ ಇಲ್ಲಿಗೆ ಬಂದಾಗ ನಡೆದದ್ದು ನಿನಗೆ ಗೊತ್ತಿಲ್ಲ, ನೀನು ಒಳಗಿದ್ದೆ. ನಾನು ಅವಳ ತಾಟಿಗೆ ಎಣ್ಣೆಗಾಯಿ ಹಾಕಿದ್ದೆ. ಸ್ವಲ್ಪ ಹೊತ್ತಿಗೆ ತಾಟು ನೋಡಿದರೆ ಬದನೆಕಾಯಿ ಮಾಯ, ರೊಟ್ಟಿ ಮಾತ್ರ ನಡುವೆ ಉಬ್ಬಿಕೊಂಡು ಕುಳಿತಿದೆ. "ಪಲ್ಯ ಎಲ್ಲಿ ಹೋಯಿತು ತಾಯಿ?" ಎಂದು ಕೇಳಿದೆ. ಬಾಯಿಗೆ ಬೆರಳಿಟ್ಟು, ಪಿಸುಮಾತಿನಲ್ಲಿ "ಮಲಗಿದೆ, ರೊಟ್ಟಿ ಹೊದ್ದುಕೊಂಡಿದೆ, ಎಬ್ಬಿಸಬೇಡ" ಎಂದಳು. ನಿನ್ನ ದೊಡ್ಡಪ್ಪ ನೆತ್ತಿಗೇರಿಸಿಕೊಂಡು ಕೆಮ್ಮಿದರು. ಅಂಥ ಮಾತಾಡಿದ ಮಗುವನ್ನು ಗದರಿಸಿದರೆ ಮುಂದಿನ ಮಾತು ಹುಟ್ಟುವುದೇ ಇಲ್ಲ. ನಗು ಬಂದರೆ ನಕ್ಕುಬಿಡು. ನಕ್ಕ ಮೇಲೆಯೂ ಬದನೆಕಾಯಿಯನ್ನು ಅಲ್ಲಿಯೇ ಬಿಡು. ಎರಡೂ ಒಟ್ಟಿಗೆ ಸಾಧ್ಯ.

ತಾಟಿನ ಮುಂದೆ ಕುಳಿತಾಗ ಹಸಿವಿಲ್ಲ, ಹಾಸಿಗೆಗೆ ಹೋದೊಡನೆ ಹೊಟ್ಟೆ ಹಸಿಯುತ್ತದೆ ಎನ್ನುವುದು ಎಲ್ಲ ಮಕ್ಕಳ ವಿದ್ಯೆ. ಆಗ ಒಂದು ಬಾಳೆಹಣ್ಣು ಕೊಡು, ಒಲೆ ಮಾತ್ರ ಮತ್ತೆ ಹಚ್ಚಬೇಡ.

ದೊಡ್ಡವನಿಗೆ ಅಡುಗೆಮನೆಯಲ್ಲಿ ಒಂದು ಕೆಲಸ ಕೊಡು. ತಾಲಿಪೆಟ್ಟು ತಟ್ಟುವ ದಿನ ತೂತು ಮಾಡುವುದು ಅವನ ಪಾಲಿಗಿರಲಿ. ಬೇಸಿಗೆ ರಜೆಯಲ್ಲಿ ನನ್ನ ಬಳಿ ಮಾಡಿದ್ದಾನೆ. ಒದ್ದೆ ಬಟ್ಟೆಯ ಮೇಲೆ ತಟ್ಟಿದ್ದಕ್ಕೆ ಮೊದಲು ಎರಡು ಕಣ್ಣು, ಆಮೇಲೆ ಮೂಗು, ಬಾಯಿ. ತೂತು ಯಾಕೆಂದು ಕೇಳಿದ. ಅದರೊಳಗೆ ಬಿಟ್ಟ ಎಣ್ಣೆ ಅಡಿಗಿಳಿದು ತಾಲಿಪೆಟ್ಟು ಹಂಚಿಗೆ ಹತ್ತದೆ ಗರಿಯಾಗುತ್ತದೆ ಎಂದು ತೋರಿಸಿದೆ. "ಹಾಗಾದರೆ ಇವನು ಮೂಗಿನಿಂದ ಎಣ್ಣೆ ಕುಡಿಯುತ್ತಾನೆ" ಎಂದ. ತಾನೇ ಮೂಗು ಕೊರೆದದ್ದನ್ನು ಬೇರೆ ಯಾರಿಗೂ ಕೊಡಲಿಲ್ಲ, ಪೂರ್ತಿ ತಿಂದ.

ಇನ್ನು ಅಳಿಯಂದಿರ ವಿಷಯ. ಈ ಭಾಗವನ್ನು ಅವರಿಗೆ ಓದಿ ಹೇಳು, ನಾನೇ ಬರೆದಿದ್ದೇನೆಂದು ಹೇಳು. ಅವರು ಒಳ್ಳೆಯವರು, ಮನಸ್ಸಿನಲ್ಲಿ ಕಲ್ಮಷವಿಲ್ಲ. ಆದರೆ ಎಷ್ಟು ಸೀಟಿಯಾಯಿತೆಂದು ಕೇಳಬಲ್ಲವರು ಅಕ್ಕಿ ಬೇಳೆ ತೊಳೆದು ಕುಕ್ಕರ್ ಇಡಲೂ ಬಲ್ಲರು. ನಿನಗಿಂತ ಮೊದಲು ಮನೆ ಸೇರುವವರು ಅವರೇ. ನೀನು ಬಾಗಿಲು ದಾಟುವಾಗ ಒಂದು ಸೀಟಿಯಾಗಿದ್ದರೆ ಇಡೀ ಸಂಜೆಯ ಬಣ್ಣ ಬೇರೆಯಾಗುತ್ತದೆ. ಬೀಗತಿಯವರು "ನಮ್ಮ ಕಾಲದಲ್ಲಿ ಹೀಗಿರಲಿಲ್ಲ" ಎಂದರೆ ಎದುರಾಡಬೇಡ. ಅವರ ಕಾಲದಲ್ಲಿ ಹೇಗಿತ್ತೆಂದು ಕೇಳು, ಕೇಳುತ್ತ ಮುಂದೆ ಮೆಂತ್ಯದ ಕಟ್ಟು ಇಡು. ಕಥೆ ಮುಗಿಯುವಷ್ಟರಲ್ಲಿ ಸೊಪ್ಪು ಬಿಡಿಸಿ ಆಗಿರುತ್ತದೆ. ಮೊಮ್ಮಗಳೂ ಪಕ್ಕದಲ್ಲಿ ಕುಳಿತು ದಂಟು ಎಣಿಸುತ್ತಾಳೆ. ಹಿರಿಯರಿಗೆ ಬೇಕಿರುವುದು ತಮ್ಮ ಕೈಗೂ ಒಂದು ಕೆಲಸ, ತಮ್ಮ ಮಾತಿಗೆ ಒಂದು ಕಿವಿ.

ರೊಟ್ಟಿಯನ್ನು ಕೊಂಡು ತರಲು ಸಂಕೋಚಪಡಬೇಡ. ಹುಬ್ಬಳ್ಳಿಯಲ್ಲಿ ಎಷ್ಟೋ ತಾಯಂದಿರು ರೊಟ್ಟಿ ಬಡಿದೇ ಮಕ್ಕಳನ್ನು ಓದಿಸುತ್ತಿದ್ದಾರೆ. ಅವರ ಕಾಯಕಕ್ಕೆ ನೀನು ಕೊಡುವ ಹಣ ಎರಡು ಮನೆಯ ಒಲೆ ನಡೆಸುತ್ತದೆ. ನಿನಗೆ ಬಡಿಯುವ ಆಸೆಯಾದಾಗ ಭಾನುವಾರ ಬಡಿ. ಹಿಟ್ಟು ಹೊಸದಾಗಿ ಬೀಸಿಸಿದ್ದಿರಲಿ, ಹಳತಾದರೆ ಜಿಗಿ ಹೋಗಿ ಅಂಚು ಸೀಳುತ್ತದೆ. ಜೋಳದ ಹಿಟ್ಟಿಗೆ ಗೋಧಿಯ ಅಂಟಿಲ್ಲ, ಕುದಿಯುವ ನೀರಿನಲ್ಲಿ ಕಲಸಿದರೆ ಮಾತ್ರ ಕೂಡಿಕೊಳ್ಳುತ್ತದೆ.

ಶನಿವಾರ ನಿನ್ನ ದೊಡ್ಡಪ್ಪ ಹುಬ್ಬಳ್ಳಿಗೆ ಬರುವವರಿದ್ದಾರೆ. ಅವರ ಕೈಯಲ್ಲಿ ಶೇಂಗಾ ಹಿಂಡಿ, ಅಗಸಿ ಹಿಂಡಿ, ತಾಲಿಪೆಟ್ಟಿನ ಹಿಟ್ಟು ಕಳಿಸುತ್ತಿದ್ದೇನೆ. ಹಿಂಡಿಯ ಡಬ್ಬಿಗೆ ಒದ್ದೆ ಚಮಚ ಹಾಕಬೇಡ. ಹುರಿದ ಶೇಂಗಾವನ್ನೂ ಒಂದು ಸೇರು ಇಟ್ಟಿದ್ದೇನೆ, ಅದು ದೊಡ್ಡವನಿಗೆ. ಚಿಕ್ಕವಳಿಗಿನ್ನೂ ಮೂರು ವರ್ಷ, ಇಡೀ ಕಾಳು ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಅವಳಿಗೆ ಹಿಂಡಿಯನ್ನೇ ಮೊಸರಿನಲ್ಲಿ ಕಲಸಿ ಕೊಡು. ಪ್ರಬಂಧದ ಆ ಪುಟದ ಫೋಟೋ ತೆಗೆದು ನನಗೆ ಕಳಿಸು, ಅವನ ಅಕ್ಷರ ನೋಡಬೇಕು.

ಇಂತಿ ನಿನ್ನ ದೊಡ್ಡವ್ವ